ಎರಡು ಸಾವಿರ ಫೋಟೋಗಳ ಲೋಪಸಂಧಿ

"ಹತ್ತು ಸಾಲಿನ ಕೆಲಸ. ನಾನೇ ಮಾಡ್ತೀನಿ" ಎಂದು ನಾನು ಘೋಷಿಸಿದಾಗ ನಮ್ಮ ಮನೆಯವರೆಲ್ಲ ಹುಳಿಯನ್ನ ಕಲಸುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಜಯನಗರದ ನಮ್ಮ ಮನೆಯಲ್ಲಿ ಐತಿಹಾಸಿಕ ಘೋಷಣೆಗಳಿಗೆ ಸಿಗುವ ಮರ್ಯಾದೆ ಇಷ್ಟೇ.

ವಿಷಯ ಇದು. ನಮ್ಮ ಮಾವನವರ ಸಹಸ್ರ ಚಂದ್ರ ದರ್ಶನ ಶಾಂತಿ ಬನಶಂಕರಿಯ ಒಂದು ಛತ್ರದಲ್ಲಿ ಭರ್ಜರಿಯಾಗಿ ನಡೆದಿತ್ತು. ಹೋಮವಾಯಿತು, ಮಾವನವರು ಅತ್ತೆಗೆ ಎರಡನೇ ಸಲ ತಾಳಿ ಕಟ್ಟಿದ್ದಾಯಿತು, ಹೋಳಿಗೆ ಊಟವಾಯಿತು. ಫೋಟೋಗ್ರಾಫರ್ ಎರಡು ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ಒಂದು ಪೆನ್ ಡ್ರೈವ್‌ನಲ್ಲಿ ತುಂಬಿ ತಂದುಕೊಟ್ಟ. ಪ್ರತಿ ಫೋಟೋದ ಹೆಸರೂ ಮೂರು ಇಂಗ್ಲಿಷ್ ಅಕ್ಷರ ಮತ್ತು ಒಂದು ಉದ್ದನೆಯ ಸಂಖ್ಯೆ. ನೆಂಟರು ಫೋನ್ ಮಾಡಿ "ನಾನು ಹಸಿರು ಸೀರೆಯಲ್ಲಿ ಇದ್ದೀನಲ್ಲ, ಅದು ಬೇಕು" ಅನ್ನುತ್ತಿದ್ದರು. ಹಸಿರು ಸೀರೆಯವರು ಛತ್ರದ ತುಂಬ ಇದ್ದರು. ಎಲ್ಲ ಫೋಟೋಗಳಿಗೂ "ಶಾಂತಿ ಒಂದು", "ಶಾಂತಿ ಎರಡು" ಎಂದು ಕ್ರಮವಾಗಿ ಹೆಸರಿಟ್ಟುಬಿಟ್ಟರೆ ಎಲ್ಲರಿಗೂ ಅನುಕೂಲ. ಒಂದೊಂದಾಗಿ ಕೈಯಲ್ಲಿ ಇಡುವ ಬದಲು, ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದುಕೊಟ್ಟರೆ ಅದೇ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಸ್ಕ್ರಿಪ್ಟ್ ಎಂದರೆ ಇನ್ನೇನಲ್ಲ, ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದ ಆಜ್ಞೆ.

ಆಜ್ಞೆ ಮಾಡುವುದು ನನಗೆ ಹೊಸದಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ವ್ಯಾಕರಣ ನನ್ನ ವಿಶೇಷ. ಸಂಧಿ ಬಿಡಿಸಲು ಬಾರದ ಮಕ್ಕಳು ನನ್ನನ್ನು ಕಂಡರೆ ಕಾರಿಡಾರಿನಲ್ಲಿ ದಾರಿ ಬದಲಿಸುತ್ತಿದ್ದರು. ನಿವೃತ್ತಿಯಾದ ಮೇಲೆ ವಿಡಿಯೋ ನೋಡಿಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯತೊಡಗಿದ್ದೆ. ಅದೂ ಭಾಷೆಯೇ ತಾನೆ? ಭಾಷೆ ಎಂದಮೇಲೆ ನನ್ನನ್ನು ಬಿಟ್ಟರೆ ಇನ್ಯಾರು!

"ಸ್ಕ್ರಿಪ್ಟ್ ಬರೀತೀಯಾ? ನನಗೊಂದು ಪಾರ್ಟ್ ಇರಲಿ" ಎಂದರು ಮಾವನವರು. ಅವರು ಆಫೀಸಿನ ನಾಟಕಗಳಲ್ಲಿ ಯಾವಾಗಲೂ ಮಂತ್ರಿಯಾಗುತ್ತಿದ್ದವರು.

"ಅದು ನಾಟಕದ್ದಲ್ಲ ಮಾವ, ಕಂಪ್ಯೂಟರಿಂದು."

"ಹಾಗಾದ್ರೆ ಬೇಡ" ಎಂದು ಮಜ್ಜಿಗೆಗೆ ಕೈ ಚಾಚಿದರು. ಆಮೇಲೆ ಏನೋ ನೆನಪಾಗಿ, "ಅಕ್ಕನ ಜೊತೆ ತೆಗೆಸಿದ್ದು ಒಂದಿದೆ. ಅದು ಮಾತ್ರ ದೊಡ್ಡದು ಮಾಡಿಸಿಕೊಡಮ್ಮ" ಎಂದರು. ಅವರ ಅಕ್ಕನಿಗೆ ತೊಂಬತ್ತು ದಾಟಿದೆ. ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದವರು ತಮ್ಮನಿಗಾಗಿ ಗಾಲಿಕುರ್ಚಿಯಲ್ಲಿ ಛತ್ರಕ್ಕೆ ಬಂದು, ತಮ್ಮನ ಬಾಯಿಗೆ ಹೋಳಿಗೆ ಚೂರು ಇಟ್ಟಿದ್ದರು. ಆ ಒಂದು ಫೋಟೋ.

ಇಷ್ಟಕ್ಕೇ ಸುಮ್ಮನಿದ್ದರೆ ನಾನೂ ನಿಧಾನವಾಗಿ ಯೋಚಿಸಿ ಮಾಡುತ್ತಿದ್ದೆನೇನೋ. ಆದರೆ ಅಂದು ಊಟಕ್ಕೆ ವಿಲ್ಸನ್ ಗಾರ್ಡನ್‌ನಿಂದ ನನ್ನ ಓರಗಿತ್ತಿ ವಸಂತ ಬಂದಿದ್ದಳು. ಜೊತೆಗೆ ಅವಳ ಗಂಡ, ಅಂದರೆ ನನ್ನ ಮೈದುನ ಮುರಳಿ. ವಸಂತ ಬೆರಳು ನೆಕ್ಕುತ್ತ ಹೇಳಿದಳು.

"ಅಕ್ಕಾ, ನಮಗೆ ಗೊತ್ತಿರೋ ಎಕ್ಸ್‌ಪರ್ಟ್ ಒಬ್ರು ಇದಾರೆ. ಅವರಿಗೆ ಕೊಟ್ಬಿಡಿ. ನಿಮಗ್ಯಾಕೆ ಈ ವಯಸ್ಸಲ್ಲಿ ಇದೆಲ್ಲ ಕಷ್ಟ?"

ಈ ವಯಸ್ಸಲ್ಲಿ! ನನ್ನ ಗಂಡ ರಘು ನನ್ನ ಮುಖ ನೋಡಿ, ಕೈಯಲ್ಲಿದ್ದ ಹಪ್ಪಳವನ್ನು ಸದ್ದಾಗದಂತೆ ಕೆಳಗಿಟ್ಟರು.

"ಭಾನುವಾರ ಬಾ ವಸಂತ" ಎಂದೆ. "ಎಲ್ಲಾ ಫೋಟೋನೂ ವರಸೆಯಾಗಿ ಟಿವಿಯಲ್ಲೇ ತೋರಿಸ್ತೀನಿ."

ಮರುದಿನ ಬೆಳಗ್ಗೆ ಕಾಫಿ ಲೋಟದೊಡನೆ ಲ್ಯಾಪ್‌ಟಾಪ್ ಮುಂದೆ ಪ್ರತಿಷ್ಠಾಪಿತಳಾದೆ. ಹತ್ತು ಸಾಲು ಬರೆದೆ. ಕಡತಕ್ಕೆ ಒಳ್ಳೆಯ ಹೆಸರಿಟ್ಟು ಉಳಿಸಿದೆ. ಓಡು ಎಂದು ಆಜ್ಞಾಪಿಸಿದೆ.

ಅಂಥ ಫೈಲೇ ಇಲ್ಲ ಎಂದಿತು ಕಂಪ್ಯೂಟರ್.

ಕಣ್ಣೆದುರಿಗೇ ಇದೆ! ಕನ್ನಡಕ ಒರೆಸಿಕೊಂಡು ನೋಡಿದೆ. ಇದೆ. ಮತ್ತೆ ಕೇಳಿದೆ. ಇಲ್ಲ ಎಂದಿತು. ಅರ್ಧ ದಿನದ ಸಂಶೋಧನೆಯ ನಂತರ ತಿಳಿದದ್ದೇನೆಂದರೆ, ನಾನು ಬರೆದ ನೋಟ್‌ಪ್ಯಾಡು ನನ್ನ ಫೈಲಿನ ಹೆಸರಿನ ಕೊನೆಗೆ ತನ್ನದೇ ಒಂದು ಬಾಲ ಅಂಟಿಸಿ, ಆ ಬಾಲ ನನಗೆ ಕಾಣದಂತೆ ಮುಚ್ಚಿಟ್ಟಿತ್ತು. ನಾನು ಕೇಳಿಯೂ ಇಲ್ಲದ ಪ್ರತ್ಯಯವನ್ನು ನನ್ನ ನಾಮಪದಕ್ಕೆ ಹಚ್ಚುವ ಅಧಿಕಾರ ಇದಕ್ಕೆ ಯಾರು ಕೊಟ್ಟರು?

ಬಾಲ ಕತ್ತರಿಸಿದೆ. ಓಡಿಸಿದೆ. ಈಗ ಮೂರನೇ ಸಾಲಿನಲ್ಲಿ ತಪ್ಪಿದೆ ಎಂದಿತು. ಅದೂ ಕೆಂಪು ಅಕ್ಷರದಲ್ಲಿ! ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಕೆಂಪು ಇಂಕಿನಲ್ಲಿ ತಪ್ಪು ತಿದ್ದಿದವಳಿಗೆ ಕೆಂಪು ಅಕ್ಷರ! ಮೂರನೇ ಸಾಲನ್ನು ಎಷ್ಟು ಓದಿದರೂ ತಪ್ಪು ಕಾಣಲಿಲ್ಲ. ಕೊನೆಗೆ ಗೊತ್ತಾಯಿತು. ಆ ಸಾಲನ್ನು ನಾನು ಇನ್ನೊಂದು ಕಡೆಯಿಂದ ನಕಲು ಮಾಡಿ ತಂದಿದ್ದೆ. ಅದರ ಉದ್ಧರಣ ಚಿಹ್ನೆಗಳು ಚೆಂದವಾಗಿ ಬಾಗಿದ್ದವು. ಕಂಪ್ಯೂಟರಿಗೆ ನೆಟ್ಟಗೆ ನಿಂತ ಚಿಹ್ನೆ ಮಾತ್ರ ಬೇಕಂತೆ. ನಾನು ಉದ್ಧರಣ ಚಿಹ್ನೆ ಹಾಕದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದೆ, ನಿಜ. ಆದರೆ ಸೊಟ್ಟಗೆ ಹಾಕಿದರು ಎಂದು ಸೊನ್ನೆ ಕೊಟ್ಟವಳಲ್ಲ.

ತಿದ್ದಿದೆ. ಓಡಿಸಿದೆ. ಅದೇ ತಪ್ಪು. ಮತ್ತೆ ತಿದ್ದಿದೆ. ಅದೇ ತಪ್ಪು. ಸಾಲನ್ನೇ ಅಳಿಸಿದೆ. ಇಲ್ಲದ ಸಾಲಿನಲ್ಲೂ ತಪ್ಪಿದೆ ಎಂದಿತು! ನನ್ನ ಕೂಗು ಕೇಳಿ ಅತ್ತೆ ಅಡುಗೆಮನೆಯಿಂದ ಓಡಿಬಂದರು.

"ಯಾರನ್ನೇ ಬೈತಿರೋದು?"

"ಪೈಥಾನನ್ನ, ಅತ್ತೆ."

"ಹಾಗಂದ್ರೆ?"

"ಹೆಬ್ಬಾವು" ಎಂದರು ರಘು, ಪೇಪರಿನಿಂದ ತಲೆ ಎತ್ತದೆ.

ಅತ್ತೆ ಮೇಜಿನ ಕೆಳಗೆ ಒಮ್ಮೆ ನೋಡಿ, ಕಾಲು ಎತ್ತಿ ಎತ್ತಿ ಇಡುತ್ತ ವಾಪಸು ಹೋದರು. ರಘು ಎದ್ದು ಬಂದು ನನ್ನ ಹಿಂದೆ ನಿಂತರು. ಅವರು ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಅನಾಹುತ ಆಗುವ ಮೊದಲೇ ಮೂಸಿ ನೋಡುವ ಸ್ವಭಾವ.

"ಫೈಲ್ ಹೆಸರಿನ ಪಕ್ಕ ಒಂದು ಚುಕ್ಕೆ ಇದೆಯಲ್ಲ, ಅದೇನು?"

"ಏನೋ ಚುಕ್ಕೆ. ನೀವು ಹೋಗಿ ಪೇಪರ್ ಓದಿ."

ಅವರು ಹೋದ ಮೇಲೆ ಹುಡುಕಿ ನೋಡಿದೆ. ನೀವು ತಿದ್ದಿದ್ದನ್ನು ಇನ್ನೂ ಉಳಿಸಿಲ್ಲ ಎಂದು ಹೇಳುವ ಚುಕ್ಕೆಯಂತೆ. ಅಂದರೆ ಇಷ್ಟು ಹೊತ್ತೂ ನಾನು ತಿದ್ದುತ್ತಿದ್ದದ್ದು ಒಂದು, ಅದು ಓದುತ್ತಿದ್ದದ್ದು ಇನ್ನೊಂದು. ಈ ವಿಷಯವನ್ನು ನಾನು ರಘುವಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ನಂತರ ಬಂದದ್ದು ಖಾಲಿ ಜಾಗದ ಗಲಾಟೆ. ಪೈಥಾನ್‌ನಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಡುತ್ತೀರಿ ಎನ್ನುವುದಕ್ಕೂ ಅರ್ಥವಿದೆ. ನನ್ನ ಕೊನೆಯ ಸಾಲು "ಸಂಖ್ಯೆಗೆ ಒಂದು ಕೂಡಿಸು" ಎಂದಿತ್ತು. ಅದರ ಮುಂದಿನ ಜಾಗ ಮೇಲಿನ ಸಾಲಿಗೆ ಹೊಂದುತ್ತಿಲ್ಲ ಎಂದು ತಕರಾರು ಬಂತು. ಒಂದು ಜಾಗ ಹೆಚ್ಚು ಬಿಟ್ಟೆ, ತಕರಾರು. ಕಡಿಮೆ ಬಿಟ್ಟೆ, ತಕರಾರು. ಸರಿ, ಜಾಗವೇ ಬೇಡ ಎಂದು ಆ ಸಾಲನ್ನು ಎಳೆದು ಎಡ ಅಂಚಿನ ಗೋಡೆಗೆ ಒತ್ತಿ ನಿಲ್ಲಿಸಿದೆ. ತಕರಾರು ನಿಂತಿತು! ಮಕ್ಕಳನ್ನೂ ಹೀಗೇ ಗೋಡೆಗೆ ನಿಲ್ಲಿಸಿದರೆ ತರಗತಿ ಶಾಂತವಾಗುತ್ತಿತ್ತು. ಅನುಭವ ಎಲ್ಲಿ ಹೋಗುತ್ತದೆ?

ಪೆನ್ ಡ್ರೈವ್ ಚುಚ್ಚಿ ಓಡಿಸಿದೆ. ಒಂದು ಕ್ಷಣ ಓಡಿ ನಿಂತಿತು. "ಈ ಹೆಸರಿನ ಫೋಟೋ ಈಗಾಗಲೇ ಇದೆ" ಎಂದಿತು.

ಇದ್ದರೆ ಇರಲಿ, ಮುಂದೆ ಹೋಗಬಾರದೆ? ಅಂತರ್ಜಾಲದಲ್ಲಿ ವಿಚಾರಿಸಿದೆ. ಯಾವುದೋ ದೇಶದ ಯಾರೋ ಮಹಾನುಭಾವ ಇದೇ ತೊಂದರೆಗೆ ಒಂದು ಸಾಲಿನ ಉತ್ತರ ಕೊಟ್ಟಿದ್ದ. "ರಿನೇಮ್ ಎಂದಿರುವ ಕಡೆ ರಿಪ್ಲೇಸ್ ಎಂದು ಹಾಕಿ. ಎರರ್ ಬರುವುದಿಲ್ಲ." ಒಂದು ಪದದ ಜಾಗದಲ್ಲಿ ಇನ್ನೊಂದು ಪದ. ಆದೇಶಸಂಧಿ! ಎಂಟನೇ ತರಗತಿಯ ಪಾಠ. ಹಾಕಿದೆ. ಓಡಿಸಿದೆ.

ಎರರ್ ಬರಲಿಲ್ಲ. ಆ ಮಹಾನುಭಾವ ಸತ್ಯವಂತ.

"ಎಲ್ಲಾ ಬನ್ನಿ! ಆಯ್ತು!" ಎಂದು ಕೂಗಿದೆ. ಪುಣ್ಯಕ್ಕೆ ರಘು ಒಬ್ಬರೇ ಬಂದರು. ಫೋಲ್ಡರ್ ತೆರೆದೆ.

ಅದರಲ್ಲಿ ಒಂದು ಫೋಟೋ ಇತ್ತು. ಹೆಸರು ಶಾಂತಿ ಒಂದು. ಊಟವಾದ ಮೇಲೆ ಬೀಡಾ ಮೇಜಿನ ಮುಂದೆ ನಿಂತು, ಬೀಡಾ ಇಟ್ಟುಕೊಳ್ಳಲು ಬಾಯಿಯನ್ನು ಕಿವಿಯವರೆಗೆ ತೆರೆದ ಮೈದುನ ಮುರಳಿ.

"ಚೆನ್ನಾಗಿ ಬಂದಿದೆ" ಎಂದರು ರಘು. "ಮಿಕ್ಕೋರೆಲ್ಲ ಎಲ್ಲಿ?"

ಮಿಕ್ಕವರು ಇರಲಿಲ್ಲ. ಹುಡುಕು ಎಂದೆ, ಇಲ್ಲ. ಕಸದ ಬುಟ್ಟಿ ತೆರೆದೆ, ಅದೂ ಖಾಲಿ. ನಿಧಾನವಾಗಿ ನನಗೆ ಆದದ್ದು ಅರ್ಥವಾಯಿತು. ಗೋಡೆಗೆ ನಿಲ್ಲಿಸಿದ್ದ ಆ ಸಾಲು, ಪ್ರತಿ ಫೋಟೋಗೂ ಮತ್ತೆ ಮತ್ತೆ ಓಡುವ ಸಾಲುಗಳ ಗುಂಪಿನಿಂದ ಹೊರಗೆ ಬಿದ್ದಿತ್ತು. ಹಾಗಾಗಿ ಸಂಖ್ಯೆಗೆ ಒಂದು ಕೂಡಿಸುವವರೇ ಇರಲಿಲ್ಲ. ಪ್ರತಿ ಫೋಟೋಗೂ ಶಾಂತಿ ಒಂದು ಎಂಬ ಒಂದೇ ಹೆಸರು, ಒಂದೇ ಕುರ್ಚಿ. ಮೊದಲು ಗಣಪತಿ ಪೂಜೆ ಕೂತಿತು. ಅದನ್ನು ಎಬ್ಬಿಸಿ ಕಲಶ ಕೂತಿತು. ಕಲಶವನ್ನು ಎಬ್ಬಿಸಿ ಪುರೋಹಿತರು. ಹೀಗೆ ಎರಡು ಸಾವಿರ ಜನ ಒಬ್ಬರನ್ನೊಬ್ಬರು ಹೊರಗೆ ತಳ್ಳಿ, ಕಟ್ಟಕಡೆಗೆ ಮುರಳಿ ಬಾಯಿ ತೆರೆದುಕೊಂಡು ಬಂದು ಕೂತಿದ್ದ. ಅವನನ್ನು ಎಬ್ಬಿಸಲು ಯಾರೂ ಉಳಿದಿರಲಿಲ್ಲ. ಕಂಪ್ಯೂಟರ್ ಪಾಪ, "ಬೇಡ, ಆ ಹೆಸರು ಈಗಾಗಲೇ ಇದೆ" ಎಂದು ಕೈ ಅಡ್ಡ ಹಿಡಿದಿತ್ತು. ನಾನೇ ಅದರ ಕೈ ತಳ್ಳಿ ರಿಪ್ಲೇಸ್ ಎಂದಿದ್ದೆ. ಇದು ಆದೇಶಸಂಧಿಯಲ್ಲ, ಲೋಪಸಂಧಿ!

"ಕಾಪಿ ಇಟ್ಕೊಂಡಿದ್ದೆ ತಾನೆ?" ಎಂದರು ರಘು.

ನಾನು ಖಾಲಿ ಕಸದ ಬುಟ್ಟಿಯನ್ನು ಇನ್ನೊಮ್ಮೆ ತೆರೆದೆ. ಒಳಗಿನಿಂದ ಮಾವನವರ ದನಿ ಬಂತು. "ಅಕ್ಕನ ಜೊತೆ ಇರೋದು ಸಿಕ್ತೇನಮ್ಮ?"

"ಹುಡುಕ್ತಿದೀನಿ ಮಾವ" ಎಂದೆ. ಅದು ಮಾತ್ರ ಸುಳ್ಳಲ್ಲ.

ಫೋಟೋಗ್ರಾಫರಿಗೆ ಫೋನ್ ಮಾಡಿ, ನಮ್ಮ ಫೋಟೋಗಳು ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಇವೆಯೇ ಎಂದು ಕೇಳಿದೆ.

"ಆ ಕಾರ್ಡ್ ಆಗ್ಲೇ ಫಾರ್ಮ್ಯಾಟ್ ಮಾಡ್ಬಿಟ್ಟೆ ಮೇಡಂ, ಮದುವೆ ಸೀಸನ್ನು. ಯಾಕೆ, ಪೆನ್ ಡ್ರೈವ್ ಕೊಟ್ಟಿದೀನಲ್ಲ?"

"ಕೊಟ್ಟಿದೀರಿ."

"ಅದ್ರಲ್ಲಿ ಫೋಟೋ ಇದೆಯಲ್ಲ?"

"ಇದೆ" ಎಂದೆ. ವ್ಯಾಕರಣದ ಪ್ರಕಾರ ಅದು ಏಕವಚನ. ನನ್ನ ಮಾತಿನಲ್ಲಿ ದೋಷವಿರಲಿಲ್ಲ.

ರಘು ಮೆಲ್ಲಗೆ, "ವಸಂತನ ಆ ಎಕ್ಸ್‌ಪರ್ಟು..." ಎಂದು ಶುರು ಮಾಡಿದರು. ನಾನು ನೋಡಿದ ನೋಟಕ್ಕೆ ವಾಕ್ಯ ಅಲ್ಲೇ ನಿಂತಿತು. ಕ್ರಿಯಾಪದವಿಲ್ಲದೆ ನಿಂತ ವಾಕ್ಯವನ್ನು ನಾನು ಆ ದಿನ ಮಾತ್ರ ಕ್ಷಮಿಸಿದೆ. "ಕೆಡಿಸಿದ್ದು ನಾನು. ಸರಿ ಮಾಡೋದೂ ನಾನೇ. ವಸಂತನ ಕಿವಿಗೆ ಇದು ಬಿದ್ರೆ ನಾನು ತಿಲಕ್ ನಗರದಲ್ಲಿ ಒಂದು ರೂಮ್ ಮಾಡ್ಕೊಂಡು ಒಬ್ಬಳೇ ಇರ್ತೀನಿ" ಎಂದೆ.

"ಊಟಕ್ಕೆ?" ಎಂದರು ಅವರು. ನನ್ನದಲ್ಲ, ತಮ್ಮದರ ಬಗ್ಗೆ ಕೇಳುತ್ತಿದ್ದರು.

ಕಳೆದ ಫೋಟೋಗಳು ಹೆಸರು ಕಳೆದುಕೊಂಡರೂ ದೇಹದಿಂದ ಪೆನ್ ಡ್ರೈವ್‌ನಲ್ಲೇ ಇರುತ್ತವೆ, ಅವನ್ನು ಹೆಕ್ಕಿ ತೆಗೆಯುವ ತಂತ್ರಾಂಶಗಳಿವೆ ಎಂದು ಓದಿದೆ. ಇಳಿಸಿಕೊಂಡೆ, ಹಚ್ಚಿದೆ. ಬೆಳಗಿನ ಕಾಫಿಯಿಂದ ಸಂಜೆಯ ದೀಪ ಹಚ್ಚುವವರೆಗೂ ಅದು ಗುಣುಗುಟ್ಟುತ್ತಲೇ ಇತ್ತು. ನಾನು ಮೊಸರನ್ನ ತಿಂದು ಅದರ ಪಕ್ಕದಲ್ಲೇ ಕೂತಿದ್ದೆ, ಐಸಿಯು ಹೊರಗೆ ಕೂತವರ ಹಾಗೆ. ಕೊನೆಗೆ ಫೋಟೋಗಳು ಬಂದವು. ಎಲ್ಲ ಬಂದವು! ಎಲ್ಲಕ್ಕಿಂತ ಹೆಚ್ಚೇ ಬಂದವು.

"ಹೋಗಿದ್ದು ಎರಡು ಸಾವಿರ ಚಿಲ್ಲರೆ. ಬಂದಿರೋದು ಅದರ ಡಬಲ್ ಹತ್ರ ಇದೆ" ಎಂದರು ರಘು. "ಹೇಗೆ?"

"ಕಳೆದುಹೋಗಿದ್ದು ಜಾಸ್ತಿ ಆಗಿ ಬಂದ್ರೆ ಯಾರಾದ್ರೂ ಕಂಪ್ಲೇಂಟ್ ಮಾಡ್ತಾರೇನ್ರೀ?" ಎಂದೆ.

ಅನುಮಾನ ಪಡಬೇಕಾದ ಜಾಗ ಅದು. ನಾನು ಅಲ್ಲಿ ಸಂತೋಷಪಟ್ಟೆ.

ಹೆಸರುಗಳಂತೂ ಮೊದಲಿಗಿಂತ ವಿಕಾರವಾಗಿದ್ದವು, ಕ್ರಮವೂ ಚೆಲ್ಲಾಪಿಲ್ಲಿ. ಆದರೇನು, ಪ್ರತಿ ಫೋಟೋದ ಒಳಗೂ ಅದನ್ನು ತೆಗೆದ ದಿನ, ಗಂಟೆ ಅಡಗಿರುತ್ತದೆ. ಆ ಸಮಯದ ಪ್ರಕಾರ ಜೋಡಿಸು ಎಂದು ಎರಡನೇ ಸ್ಕ್ರಿಪ್ಟ್ ಬರೆದೆ. ಈ ಸಲ ಮೊದಲು ಕಾಪಿ ಮಾಡಿಕೊಂಡೆ. ಆ ಕಾಪಿಗೂ ಒಂದು ಕಾಪಿ ಮಾಡಿದೆ. ಜಾಗಗಳನ್ನು ಅಡಿಪಟ್ಟಿ ಹಿಡಿದು ಅಳೆದೆ. ಚುಕ್ಕೆ ನೋಡಿದೆ. ಓಡಿಸಿದೆ. ಸರಿಯಾಗಿ ಓಡಿತು. ಶಾಂತಿ ಒಂದು, ಎರಡು, ಮೂರು... ಕೊನೆಯವರೆಗೂ!

ಮೊದಲ ಕೆಲವನ್ನು ತೆರೆದು ಪರೀಕ್ಷಿಸಿದೆ. ಮಾವಿನ ತೋರಣ, ಬಾಳೆಕಂಬ, ರಂಗೋಲಿ, ಕಲಶ, ಹೂವಿನ ಬುಟ್ಟಿ. ಎಲ್ಲ ಸರಿಯಿದೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತಾಗ ನನ್ನ ಎತ್ತರ ಎರಡಂಗುಲ ಹೆಚ್ಚಾಗಿತ್ತು.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತು. ಸೋಫಾದಲ್ಲಿ ಮಾವ, ಅತ್ತೆ. ಕುರ್ಚಿಗಳಲ್ಲಿ ವಸಂತ, ಮುರಳಿ. ಅಕ್ಕಪಕ್ಕದ ಮನೆಯವರು ಚಾಪೆಯ ಮೇಲೆ. ಕೈಗೆ ಬೋಂಡಾ ತಟ್ಟೆ. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, ನಾನು ಚಿಕ್ಕದೊಂದು ಪ್ರಾಸ್ತಾವಿಕ ಭಾಷಣ ಮಾಡಿದೆ. "ವಯಸ್ಸು ಎನ್ನುವುದು ಕಲಿಕೆಗೆ ಅಡ್ಡಿಯಲ್ಲ" ಎಂಬ ವಾಕ್ಯವನ್ನು ವಸಂತಳ ಕಡೆ ತಿರುಗಿ ಹೇಳಿದೆ.

ತೋರಣ ಬಂತು. ರಂಗೋಲಿ ಬಂತು. ಇನ್ನೊಂದು ರಂಗೋಲಿ ಬಂತು. "ಎರಡು ರಂಗೋಲಿ ಹಾಕಿದ್ರಾ?" ಎಂದರು ಪಕ್ಕದ ಮನೆಯವರು. "ಭರ್ಜರಿ" ಎಂದರು ಇನ್ನೊಬ್ಬರು. ಮಾವನವರು ಪಂಚೆಯುಟ್ಟು ನಿಂತಿದ್ದು ಬಂತು. ಮುಂದಿನ ಚಿತ್ರದಲ್ಲಿ ಕಪ್ಪು ಕನ್ನಡಕ ಹಾಕಿದ ಒಬ್ಬ ಯುವಕ ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದ.

"ಯಾರಿದು?" ಎಂದಳು ವಸಂತ.

ನನಗೂ ಗೊತ್ತಿರಲಿಲ್ಲ. ಆದರೆ ಮಾವನವರು ಕಣ್ಣು ಕಿರಿದು ಮಾಡಿ, "ನಮ್ಮ ಹಾಸನದ ಕಡೆ ಹುಡುಗ ಅಲ್ವಾ? ಎಷ್ಟು ಬೆಳೆದುಬಿಟ್ಟಿದಾನೆ!" ಎಂದರು. ಅತ್ತೆಯೂ ಹೌದೆಂದರು. ಹಾಸನದ ಕಡೆಯವನೆಂದು ಒಪ್ಪಿ ಎಲ್ಲರೂ ಮುಂದಿನದಕ್ಕೆ ಹೋದರು.

ಪುರೋಹಿತರು ಸಂಕಲ್ಪ ಮಾಡಿಸಿದರು. ಮುಂದಿನ ಚಿತ್ರದಲ್ಲಿ ಎಲ್ಲರೂ ಹೋಳಿಗೆ ತಿನ್ನುತ್ತಿದ್ದರು. ಅದರ ಮುಂದಿನದರಲ್ಲಿ ಹೋಮ. "ಊಟ ಆದ್ಮೇಲೆ ಹೋಮನಾ?" ಎಂದರು ಚಾಪೆಯ ಮೇಲಿನವರು. ನಾನು ಬಟನ್ ಒತ್ತಿದೆ. ಮಾವನವರು ಎರಡೂ ಕೈಯಲ್ಲಿ ತಾಳಿ ಹಿಡಿದು, ಭಕ್ತಿಯಿಂದ ಮುಂದೆ ಬಾಗಿದ್ದರು. ಮತ್ತೆ ಒತ್ತಿದೆ.

ಇಪ್ಪತ್ತೈದರ ಒಬ್ಬ ಸುಂದರ ವಧು ತಲೆ ತಗ್ಗಿಸಿ, ಕೊರಳಿಗೆ ಆಗಷ್ಟೇ ಬಿದ್ದ ತಾಳಿಯನ್ನು ನೋಡಿಕೊಂಡು ನಾಚುತ್ತಿದ್ದಳು!

ಹಾಲ್‌ನಲ್ಲಿ ಬೋಂಡಾ ಅಗಿಯುವ ಸದ್ದೂ ನಿಂತಿತು. ಅತ್ತೆ ನಿಧಾನವಾಗಿ ಮಾವನವರ ಕಡೆ ತಿರುಗಿದರು.

"ಇದು ಯಾವಾಗ ಆಯ್ತು?"

"ನನಗೇನೇ ಗೊತ್ತು? ಹೊಗೇಲಿ ನನಗೆ ಕಣ್ಣೇ ಕಾಣ್ತಿರಲಿಲ್ಲ!" ಎಂದರು ಮಾವ.

ಮೊದಲು ಮುರಳಿ ನಕ್ಕ. ಆಮೇಲೆ ಚಾಪೆ ಪೂರ್ತಿ ನಕ್ಕಿತು. ವಸಂತ ನಗುತ್ತ ನಗುತ್ತ ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕಳು. "ಅಕ್ಕಾ, ಎಕ್ಸ್‌ಪರ್ಟ್ ನಂಬರ್ ಕೊಡ್ಲಾ?" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಟಿವಿ ಆರಿಸುತ್ತಿದ್ದರು. ನಾನು ಆರಿಸಲಿಲ್ಲ. ತಪ್ಪು ಮಾಡಿದ ಮಗು ಬೋರ್ಡಿನ ಮುಂದೆ ನಿಂತೇ ಲೆಕ್ಕ ಮುಗಿಸಬೇಕು ಎನ್ನುವುದು ನನ್ನ ಹಳೆಯ ನಿಯಮ. "ಬೇಡ. ಇನ್ನೂ ಇದೆ, ಪೂರ್ತಿ ನೋಡೋಣ" ಎಂದು ಬಟನ್ ಒತ್ತುತ್ತ ಹೋದೆ. ಯಾರದೋ ಬೀಗರು, ನಮ್ಮ ಪುರೋಹಿತರು, ಯಾರದೋ ಆರತಕ್ಷತೆ, ನಮ್ಮ ಪಾಯಸ. ಹೀಗೆ ಸಾಗುತ್ತಿರುವಾಗ ಮಾವನವರ ಅಕ್ಕ ಬಂದರು. ಸುಕ್ಕುಗಟ್ಟಿದ ಕೈಯಲ್ಲಿ ತಮ್ಮನ ಬಾಯಿಗೆ ಹೋಳಿಗೆ ಚೂರು ಹಿಡಿದಿದ್ದರು. ಫೋಟೋದ ಕೆಳಗಿನ ಅರ್ಧ ಮಾತ್ರ ಇರಲಿಲ್ಲ. ಬರೀ ಬೂದುಬಣ್ಣ. ತಂತ್ರಾಂಶ ಅಷ್ಟನ್ನೇ ಬದುಕಿಸಿಕೊಂಡಿತ್ತು.

ನಗು ನಿಂತಿತು. "ಮಾವ, ನನ್ನಿಂದ..." ಎಂದು ಶುರು ಮಾಡಿ, ನಡೆದದ್ದನ್ನೆಲ್ಲ ಎಲ್ಲರೆದುರಿಗೇ ಹೇಳಿಬಿಟ್ಟೆ. ವಸಂತಳ ಎದುರಿಗೂ.

ಮಾವನವರು ಟಿವಿಯ ಹತ್ತಿರ ಹೋಗಿ ನಿಂತು ನೋಡಿದರು.

"ಮುಖ ಬಂದಿದೆ, ಕೈ ಬಂದಿದೆ, ಹೋಳಿಗೆ ಬಂದಿದೆ" ಎಂದರು. "ಗಾಲಿಕುರ್ಚಿ ಹೋಗಿದೆ. ಹೋಗ್ಲಿ ಬಿಡು. ಅಕ್ಕನಿಗೂ ಅದು ಇಷ್ಟ ಇರಲಿಲ್ಲ. ಇಷ್ಟನ್ನೇ ದೊಡ್ಡದು ಮಾಡ್ಸು."

ಅಂದು ಸಂಜೆಯೇ ಫೋಟೋಗ್ರಾಫರಿಗೆ ಫೋನ್ ಹಚ್ಚಿದೆ. ಈ ಸಲ ನನ್ನ ದನಿಯಲ್ಲಿ ಬಹುವಚನವಿತ್ತು. "ನಿಮ್ಮ ಪೆನ್ ಡ್ರೈವ್‌ನಲ್ಲಿ ನಮ್ಮ ಮಾವನವರಿಗೆ ಇನ್ನೊಂದು ಮದುವೆ ಆಗಿದೆ. ಕಪ್ಪು ಕನ್ನಡಕದ ವರ ಯಾರ್ರೀ?"

ಆ ಕಡೆಯಿಂದ ಒಂದು ಕೂಗು ಬಂತು. "ಮೇಡಂ! ಆ ಫೋಟೋಗಳು ನಿಮ್ಮ ಹತ್ರ ಇದ್ಯಾ?"

ನಡೆದದ್ದು ಹೀಗೆ. ಆ ಮದುವೆಯ ಫೋಟೋಗಳನ್ನು ಅವನು ಇದೇ ಪೆನ್ ಡ್ರೈವ್‌ನಲ್ಲಿ ಸಾಗಿಸಿ ತನ್ನ ಕಂಪ್ಯೂಟರಿಗೆ ಹಾಕಿ, ಪೆನ್ ಡ್ರೈವ್ ಅಳಿಸಿ, ಅದರಲ್ಲೇ ನಮ್ಮವನ್ನು ತುಂಬಿ ಕೊಟ್ಟಿದ್ದ. ಆಮೇಲೆ ಅವನ ಕಂಪ್ಯೂಟರ್ ಕೈಕೊಟ್ಟಿತು. ಮದುಮಕ್ಕಳ ಫೋನ್ ಬಂದರೆ ಎತ್ತದೆ ತಪ್ಪಿಸಿಕೊಂಡು ತಿರುಗುತ್ತಿದ್ದ. ನಾನು ಬಲೆ ಬೀಸಿದಾಗ ನಮ್ಮ ಫೋಟೋಗಳ ಜೊತೆಗೆ ಅಳಿಸಿದ್ದ ಅವರ ಮದುವೆಯೂ ಮೇಲೆದ್ದು ಬಂದಿತ್ತು. ಲೋಪದ ಹಿಂದೆಯೇ ಆಗಮ! ಇನ್ನು ಕ್ರಮ ತಪ್ಪಿದ್ದೇಕೆ? ಅವನ ಕ್ಯಾಮೆರಾದ ಗಡಿಯಾರ ಹಳೆಯದು. ಬ್ಯಾಟರಿ ಬದಲಿಸಿದಾಗಲೆಲ್ಲ ಅದು ಅದೇ ಹಳೆಯ ಜನವರಿ ಒಂದಕ್ಕೆ ಹಿಂದಿರುಗುತ್ತಿತ್ತು. ಹಾಗಾಗಿ ಅವರ ಮದುವೆ, ನಮ್ಮ ಹೋಮ, ನಮ್ಮ ಊಟ ಎಲ್ಲವೂ ಒಂದೇ ದಿನದ ಒಂದೇ ಗಂಟೆಯಲ್ಲಿ ನಡೆದಿದ್ದವು. ನನ್ನ ಸ್ಕ್ರಿಪ್ಟ್ ಅದಕ್ಕೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿತ್ತು. ಇದನ್ನು ನಾನು ವಸಂತಳಿಗೆ ಎರಡು ಸಲ ಬಿಡಿಸಿ ಹೇಳಿದೆ. ನನ್ನ ಸ್ಕ್ರಿಪ್ಟ್ ಸರಿಯಿತ್ತು! ಜನವರಿ ತಪ್ಪಿತ್ತು!

ಮುಂದಿನ ಭಾನುವಾರ ಆ ಮದುಮಕ್ಕಳು ಬಿಟಿಎಂ ಲೇಔಟಿನಿಂದ ನಮ್ಮ ಮನೆಗೆ ಬಂದರು. ಹುಡುಗಿ ಭಾಗ್ಯಶ್ರೀ, ಬಾಗಲಕೋಟೆಯ ಕಡೆಯವಳು. ಇಬ್ಬರೂ ಇಲ್ಲಿ ಆಫೀಸುಗಳಲ್ಲಿ ಕೆಲಸ ಮಾಡುತ್ತ ಬಾಡಿಗೆ ಮನೆಯಲ್ಲಿದ್ದಾರೆ. ಬಾಗಿಲಲ್ಲೇ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಹೋಗೇ ಬಿಟ್ಟಾವು ಅಂತ ಅತ್ತು ಸುಮ್ಮನಾಗಿದ್ವಿರಿ ಮೇಡಂ. ನಮ್ಮ ಕಾಕಾಗ ಮೈಯಾಗ ಆರಾಮಿರಲಿಲ್ಲ, ಆದ್ರೂ ಮದವಿಗೆ ಬಂದು ಅಕ್ಷತಾ ಹಾಕಿ ಹೋದ್ರು. ಆಮ್ಯಾಲ ತಿಂಗಳದಾಗ ತೀರ್ಕೊಂಡ್ರು. ಅವರದು ಒಂದಾದ್ರೂ ಸಿಕ್ರ ಸಾಕ್ರಿ."

ಕಾಕಾ ಸಿಕ್ಕರು. ಒಂದಲ್ಲ, ಬಹಳ ಕಡೆ ಸಿಕ್ಕರು. ಅವಳು ಪ್ರತಿ ಫೋಟೋದಲ್ಲೂ ಅವರ ಪೇಟವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅತ್ತೆ ಅವಳ ಪಕ್ಕ ಕೂತು, "ಅಳಬೇಡ, ಕಾಫಿ ಕುಡಿ" ಎಂದು ಮೂರು ಸಲ ಕಾಫಿ ಕುಡಿಸಿದರು. ಮಾವನವರು ಆ ಕಪ್ಪು ಕನ್ನಡಕದ ಹುಡುಗನನ್ನು ಹಾಸನದ ಕಡೆಯವನೇ ಎಂದು ಒಪ್ಪಿಸಲು ಬಹಳ ಪ್ರಯತ್ನಪಟ್ಟರು.

ಇಷ್ಟಾದ ಮೇಲೆ ನಮ್ಮದನ್ನೂ ಅವರದನ್ನೂ ಬೇರೆ ಮಾಡಬೇಕಲ್ಲ? ಅದಕ್ಕೆ ಸ್ಕ್ರಿಪ್ಟ್ ಬರೆಯುತ್ತೇನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯವರೆಲ್ಲ ಒಕ್ಕೊರಲಿನಿಂದ ಬೇಡ ಎಂದರು. ಎಲ್ಲರೂ ಸುತ್ತ ಕೂತು ಒಂದೊಂದು ಫೋಟೋ ನೋಡಿ ಕೈಯಲ್ಲೇ ಬೇರ್ಪಡಿಸಿದೆವು. "ಈ ಕಲಶ ನಮ್ದು", "ಈ ರಂಗೋಲಿ ನಿಮ್ದ್ರೀ", "ಈ ಅಡುಗೆ ಭಟ್ಟರು ಎರಡು ಕಡೆನೂ ಇದಾರೆ, ಇಬ್ರೂ ಇಟ್ಕೊಳ್ಳೋಣ." ವಸಂತ ಕೂಡ ಬಂದು ಚಾಪೆಯ ಮೇಲೆ ಕೂತಳು. ಅವಳ ಕಣ್ಣು ಬಹಳ ಚುರುಕು, ಒಪ್ಪಿಕೊಳ್ಳಲೇಬೇಕು. ಕತ್ತಲಾಗುವ ಮೊದಲು ಎಲ್ಲ ಮುಗಿಯಿತು. ಮೊದಲೇ ಕೈಯಲ್ಲಿ ಮಾಡಿದ್ದರೆ ಇದಕ್ಕಿಂತ ಬೇಗ ಮುಗಿಯುತ್ತಿತ್ತು ಎಂದು ರಘು ಹೇಳಲಿಲ್ಲ. ಹೇಳದೇ ಇದ್ದದ್ದು ನನಗೆ ಚೆನ್ನಾಗಿ ಕೇಳಿಸಿತು.

ಈಗ ನೀವು, ಈಕೆ ಪಾಠ ಕಲಿತು ಲ್ಯಾಪ್‌ಟಾಪ್ ಮುಚ್ಚಿಟ್ಟಳು ಎಂದುಕೊಂಡಿದ್ದರೆ ತಪ್ಪು. ನಾನು ಪಾಠ ಮಾಡಿದವಳು, ಪಾಠ ಕಲಿಯುವುದಕ್ಕೆ ಸಮಯ ಹಿಡಿಯುತ್ತದೆ. ಕೆಂಪು ಅಕ್ಷರ ಬಂತೆಂದು ಓದು ಬಿಟ್ಟ ಮಗುವನ್ನು ನಾನು ಯಾವತ್ತೂ ಮನೆಗೆ ಕಳಿಸಿಲ್ಲ, ವಾಪಸು ಕೂರಿಸಿ ಬರೆಸಿದ್ದೇನೆ. ನನ್ನನ್ನು ಮಾತ್ರ ಯಾಕೆ ಕಳಿಸಲಿ? ನಮ್ಮ ಮನೆಯಲ್ಲಿ ಸ್ಕ್ರಿಪ್ಟ್ ಬರೆಯಲು ಬರುವವಳು ನಾನೊಬ್ಬಳೇ. ಸರಿಯಾಗಿ ಬರೆಯಲು ಬರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ, ಅದು ಪಠ್ಯದಿಂದ ಹೊರಗಿನದು.

ಕೆಲವು ದಿನದ ನಂತರ ಒಂದು ಬೆಳಗ್ಗೆ ಮಾವನವರು ತಮ್ಮ ಫೋನ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

"ಇದರಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಸಾವಿರಾರು ತುಂಬ್ಕೊಂಡಿವೆ. ದಿನಾ ಯಾರ್ಯಾರೋ ಗುಲಾಬಿ ಹೂವು ಕಳಿಸ್ತಾರೆ. ಅಳಿಸಿ ಅಳಿಸಿ ಬೆರಳು ನೋವು ಬಂತು."

"ನಾನೇನು ಮಾಡ್ಲಿ ಮಾವ?"

"ನಿನ್ನ ಆ ಮೊದಲನೇ ಸ್ಕ್ರಿಪ್ಟು ಇದೆಯಲ್ಲ, ಎರಡನೇದಲ್ಲ, ಮೊದಲನೇದು. ಎಲ್ಲಾನೂ ಒಂದು ಮಾಡ್ತಲ್ಲ ಅದು. ಸಖತ್ತಾಗಿತ್ತು. ಅದನ್ನ ಇದಕ್ಕೂ ಒಂದ್ಸಲ ಓಡಿಸ್ಬಿಡು."

ನನ್ನ 'ವೃತ್ತಿಜೀವನ'ದಲ್ಲಿ ಬಂದ ಮೊದಲ ಬೇಡಿಕೆ! ನನ್ನ ಕೃತಿಯನ್ನು ಮೆಚ್ಚಿ, ಇಂಥದ್ದೇ ಬೇಕೆಂದು ಹುಡುಕಿಕೊಂಡು ಬಂದ ಮೊದಲ ಗಿರಾಕಿ! ಸೆರಗು ಸಿಕ್ಕಿಸಿ ಕೂತೆ. ಫೋನನ್ನು ವಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಆ ಹತ್ತು ಸಾಲನ್ನು ತೆರೆದೆ. ಒಂದು ಅಕ್ಷರವನ್ನೂ ಮುಟ್ಟದೆ, ಫೋಲ್ಡರಿನ ಹೆಸರನ್ನಷ್ಟೇ ಬದಲಿಸಿದೆ. ಎರಡು ಸಾವಿರ ಫೋಟೋಗಳನ್ನು ಕೆಮ್ಮದೆ ನುಂಗಿದ ಸ್ಕ್ರಿಪ್ಟಿಗೆ ಈ ಗುಲಾಬಿಗಳು ಯಾವ ಲೆಕ್ಕ? ಮಾವನವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಓಡು ಎಂದೆ.

ಕೆಂಪು ಅಕ್ಷರದಲ್ಲಿ ಉತ್ತರ ಬಂತು. ನಾಲ್ಕನೇ ಸಾಲಿನಲ್ಲಿ ತಪ್ಪಿದೆ. ಅಂಥ ಫೋಲ್ಡರೇ ಇಲ್ಲ.

"ಏನಂತೆ?" ಎಂದರು ಮಾವ.

"ನಾಶ ಮಾಡೋಕೂ ನಿನಗೆ ಬರಲ್ಲ ಅಂತೆ" ಎಂದು ಹೇಳಿ, ಇನ್ನೊಂದು ಲೋಟ ಕಾಫಿಗೆ ಅತ್ತೆಯನ್ನು ಕೂಗಿದೆ.